ಬಿಯರಿನ ಅಮಲನ್ನು ಅಳೆದ ಬುರುಡೆ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಹಳ್ಳಿಗಳಲ್ಲಿ ದೊಡ್ಡ ಮನೆಯವರು ಬ್ರೆಡ್ ಸುಡುವಷ್ಟೇ ಸಹಜವಾಗಿ ಬಿಯರನ್ನೂ ತಯಾರಿಸಿಕೊಳ್ಳುತ್ತಿದ್ದರು. ಬಾರ್ಲಿಯನ್ನು ಮೊಳಕೆ ಕಟ್ಟಿಸಿ ಒಣಗಿಸಿದರೆ ಮಾಲ್ಟ್. ಅದನ್ನು ಒಡೆದು ಬಿಸಿನೀರಿನಲ್ಲಿ ನೆನೆಸಿದಾಗ ಅದರಲ್ಲಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಮೊದಲು ಬಸಿದ ದಪ್ಪ ರಸದಿಂದ ಕಡು ಬಿಯರ್. ಅದೇ ಮಾಲ್ಟಿಗೆ ಮತ್ತೆ ನೀರೆರೆದು ಬಸಿದ ತೆಳು ರಸದಿಂದ ಆಳುಗಳೂ ಮಕ್ಕಳೂ ಕುಡಿಯುವ ಸಪ್ಪೆ ಬಿಯರ್. ಅಮಲು ಹೆಚ್ಚಬೇಕೆ? ಹೆಚ್ಚು ಮಾಲ್ಟ್ ಸುರಿಯಿರಿ, ಮೊದಲ ರಸವನ್ನಷ್ಟೇ ಬಳಸಿ. ಆದರೆ ರಸ ಎಷ್ಟು ದಪ್ಪ ಎಂಬುದಕ್ಕೆ ನಾಲಿಗೆ ಮತ್ತು ಬೆರಳಿನ ಅಂಟು ಹೇಳಿದ್ದೇ ಲೆಕ್ಕ.

ಹಾಲಿಗೆ ನೀರು ಬೆರೆಸಿದ್ದನ್ನು ಪತ್ತೆಹಚ್ಚುವ ಲ್ಯಾಕ್ಟೋಮೀಟರನ್ನು ನೀವು ನೋಡಿರಬಹುದು. ಅದರ ಬಂಧುವಾದ ಹೈಡ್ರೋಮೀಟರನ್ನು 1770ರ ಸುಮಾರಿಗೆ ಜೇಮ್ಸ್ ಬೇವರ್‌ಸ್ಟಾಕ್ ಎಂಬ ಯುವಕ ಮಾಲ್ಟ್ ರಸದಲ್ಲಿ ತೇಲಿಬಿಟ್ಟ. ಅವನ ತಂದೆಗೆ ಈ ಹೊಸತನ ಹಿಡಿಸಲಿಲ್ಲ; ಮಗ ಉಪಕರಣವನ್ನು ಬಚ್ಚಿಟ್ಟು ಪ್ರಯೋಗ ನಡೆಸಬೇಕಾಯಿತು. ಲಂಡನ್ನಿನ ಹೆಸರಾಂತ ಬಿಯರ್ ತಯಾರಕ ಸ್ಯಾಮ್ಯುಯೆಲ್ ವಿಟ್‌ಬ್ರೆಡ್ ಇದನ್ನು ಹಗಲುಗನಸೆಂದು ತಳ್ಳಿಹಾಕಿದ. ಆಸಕ್ತಿ ತೋರಿದವನು ಹೆನ್ರಿ ಥ್ರೇಲ್ – ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ನನ ಸ್ನೇಹಿತ. 1784ರಲ್ಲಿ ಜಾನ್ ರಿಚರ್ಡ್‌ಸನ್ ಈ ಅಳತೆಯ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದ.

ಬುರುಡೆ ಬಯಲು ಮಾಡಿದ ಸತ್ಯ ಹಲವರ ಕಿಸೆಗೆ ತಟ್ಟಿತು. ಪೋರ್ಟರ್ ಎಂಬ ಕಪ್ಪು ಬಿಯರಿಗೆ ಬಳಸುತ್ತಿದ್ದ ಕಂದು ಮಾಲ್ಟ್ ಅಗ್ಗವೆಂದು ಎಲ್ಲರೂ ನಂಬಿದ್ದರು. ಅಳೆದು ನೋಡಿದರೆ, ಅದರಿಂದ ಸಿಗುವ ಸಕ್ಕರೆ ತಿಳಿಬಣ್ಣದ ದುಬಾರಿ ಮಾಲ್ಟಿಗಿಂತ ಗಣನೀಯವಾಗಿ ಕಡಿಮೆ! ಅಮಲಿನ ಲೆಕ್ಕದಲ್ಲಿ ಅಗ್ಗದ್ದೇ ದುಬಾರಿ. ತಯಾರಕರು ತಿಳಿ ಮಾಲ್ಟಿಗೆ ಹೊರಳಿದರು; ಬಣ್ಣ ಹೋಯಿತು. ಕೊನೆಗೆ 1817ರಲ್ಲಿ ಡೇನಿಯಲ್ ವೀಲರ್ ಕಾಫಿಬೀಜದಂತೆ ಹುರಿದ ಕಪ್ಪು ಮಾಲ್ಟಿಗೆ ಪೇಟೆಂಟ್ ಪಡೆದ. ಚಿಟಿಕೆಯಷ್ಟು ಸೇರಿಸಿದರೆ ಸಾಕು, ಬಣ್ಣ ಮರಳುತ್ತಿತ್ತು.

ಈ ಅಳತೆಯನ್ನು ನೀವೂ ಕಾಗದದ ಮೇಲೆ ಮಾಡಿ ನೋಡಿ. ಹುದುಗುವ ಮೊದಲು ರಸದ ಸಾಪೇಕ್ಷ ಸಾಂದ್ರತೆ 1.050, ಹುದುಗಿದ ಮೇಲೆ 1.010 ಎನ್ನೋಣ. ವ್ಯತ್ಯಾಸ 0.040. ಇದನ್ನು 131ರಿಂದ ಗುಣಿಸಿದರೆ ಗಾತ್ರದ ಲೆಕ್ಕದಲ್ಲಿ ಆಲ್ಕೊಹಾಲ್ ಸುಮಾರು ಶೇ. 5.2. ಸಾಂದ್ರತೆ ಇಳಿದದ್ದೇಕೆ? ಯೀಸ್ಟ್ ಸಕ್ಕರೆಯನ್ನು ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯಿತು. ಅನಿಲ ಹಾರಿಹೋಯಿತು, ಉಳಿದ ಆಲ್ಕೊಹಾಲ್ ನೀರಿಗಿಂತ ಹಗುರ. 180 ಗ್ರಾಂ ಗ್ಲೂಕೋಸಿನಿಂದ ಸಿದ್ಧಾಂತದ ಪ್ರಕಾರ 92 ಗ್ರಾಂ ಆಲ್ಕೊಹಾಲ್ ಬರಬೇಕು. ಅಷ್ಟು ಬರುವುದಿಲ್ಲ. ಸ್ವಲ್ಪ ಸಕ್ಕರೆ ಗ್ಲಿಸರಾಲ್ ಮತ್ತು ಸಕ್ಸಿನಿಕ್ ಆಮ್ಲವಾಗುವುದನ್ನು ಲೂಯಿ ಪಾಸ್ಟರ್ 1860ರ ವೇಳೆಗೆ ತೋರಿಸಿಕೊಟ್ಟ.

ಹಾಗಾದರೆ ನೇರವಾಗಿ ಸಕ್ಕರೆಯನ್ನೇ ಸುರಿಯಬಾರದೇಕೆ? ಬ್ರಿಟನ್ನಿನ ಬಿಯರ್ ತಯಾರಕರಿಗೆ 1847ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಮನೆಯಲ್ಲಿ ತಯಾರಿಸುವವರಿಗೂ ಇದೇ ಸುಲಭದ ದಾರಿ. ಅಮಲು ಏರುತ್ತದೆ, ಆದರೆ ಪಾನೀಯ ತೆಳುವಾಗುತ್ತದೆ. ಮಾಲ್ಟ್ ರಸದಲ್ಲಿ ಯೀಸ್ಟ್ ಜೀರ್ಣಿಸಿಕೊಳ್ಳಲಾಗದ ಡೆಕ್ಸ್‌ಟ್ರಿನ್‌ಗಳು ಉಳಿದು ಬಾಯಿ ತುಂಬುವ ಮಂದತೆ ಕೊಡುತ್ತವೆ. ಬರೀ ಸಕ್ಕರೆ ಏನನ್ನೂ ಉಳಿಸುವುದಿಲ್ಲ.

ಇನ್ನೊಂದು ತೊಡಕು ಯೀಸ್ಟಿನದೇ. ಒಮ್ಮೆಗೇ ಸಕ್ಕರೆ ವಿಪರೀತವಾದರೆ ಅಭಿಸರಣದಿಂದ ಕೋಶದ ನೀರು ಹೊರಗೆ ಸೆಳೆಯಲ್ಪಡುತ್ತದೆ. ಅದನ್ನು ದಾಟಿದರೂ, ತಾನೇ ತಯಾರಿಸಿದ ಆಲ್ಕೊಹಾಲ್ ಅದರ ಕೋಶಪೊರೆಯನ್ನು ಕೆಡಿಸುತ್ತದೆ. ಬಿಯರಿನ ಸಾಮಾನ್ಯ ಯೀಸ್ಟ್‌ಗಳಲ್ಲಿ ಬಹಳಷ್ಟು ಶೇ. 10ರ ಆಸುಪಾಸಿನಲ್ಲಿ ಸುಸ್ತಾಗುತ್ತವೆ. ಆಗ ಇನ್ನಷ್ಟು ಸಕ್ಕರೆ ಹಾಕಿದರೆ ಸಿಗುವುದು ಸಿಹಿ ಮಾತ್ರ.

ಜಪಾನಿನ ಸಾಕೆ ತಯಾರಕರು ಹೈಡ್ರೋಮೀಟರಿನ ಹಂಗಿಲ್ಲದೆಯೇ ಇದಕ್ಕೆ ಉತ್ತರ ಕಂಡುಕೊಂಡಿದ್ದರು. ಅವರ ಪಾತ್ರೆಯಲ್ಲಿ ಕೋಜಿ ಎಂಬ ಬೂಷ್ಟು ಅಕ್ಕಿಯ ಪಿಷ್ಟವನ್ನು ನಿಧಾನವಾಗಿ ಸಕ್ಕರೆಯಾಗಿಸುತ್ತಿರುವಾಗಲೇ ಯೀಸ್ಟ್ ಅದನ್ನು ತಿಂದು ಮುಗಿಸುತ್ತಿರುತ್ತದೆ. ಸಕ್ಕರೆ ಎಂದೂ ರಾಶಿ ಬೀಳುವುದಿಲ್ಲ. ಅಕ್ಕಿಯನ್ನೂ ಒಮ್ಮೆಗೇ ಹಾಕದೆ ಮೂರು ಕಂತಿನಲ್ಲಿ ಹಾಕುತ್ತಾರೆ. ಹೀಗೆ ಬಟ್ಟಿ ಇಳಿಸದೆಯೇ ಆಲ್ಕೊಹಾಲ್ ಶೇ. 20ರ ಹತ್ತಿರ ಮುಟ್ಟುತ್ತದೆ.