ಬಿರುಗಾಳಿಯಲ್ಲಿ ಹಾಡಿದವರು: ಜಾನ್ ವೆಸ್ಲಿಯ ಭಯದ ಚರಿತ್ರೆ

ಹಳೆಯ ಕನ್ನಡ ಪುಸ್ತಕಗಳ ಒಳಪುಟದಲ್ಲಿ ‘ವೆಸ್ಲಿ ಪ್ರೆಸ್, ಮೈಸೂರು’ ಎಂಬ ಹೆಸರನ್ನು ನಮ್ಮಲ್ಲಿ ಅನೇಕರು ಕಂಡಿರುತ್ತೇವೆ. ಆ ಮುದ್ರಣಾಲಯ ನಡೆಸಿದ ಮಿಶನ್ನಿಗೆ ಹೆಸರು ಬಂದದ್ದು 18ನೇ ಶತಮಾನದ ಇಂಗ್ಲಿಷ್ ಪಾದ್ರಿ ಜಾನ್ ವೆಸ್ಲಿಯಿಂದ. ಮೆಥಡಿಸ್ಟ್ ಪಂಥವನ್ನು ಕಟ್ಟಿದವನು, ಕುದುರೆಯೇರಿ ಊರೂರು ಸುತ್ತಿ ಉಪದೇಶ ಮಾಡಿದವನು, ಕಲ್ಲೆಸೆಯುವ ಗುಂಪಿಗೂ ಬೆದರದವನು ಎಂಬುದು ಅವನ ಬಗೆಗಿರುವ ಪರಿಚಿತ ಚಿತ್ರ. ಅವನ ದಿನಚರಿ ಮತ್ತು ಪತ್ರಗಳಲ್ಲಿ ಇನ್ನೊಬ್ಬ ವೆಸ್ಲಿ ಇದ್ದಾನೆ. ಅವನಿಗೆ ಸಾವೆಂದರೆ ಅಂಜಿಕೆ. ನಂಬಿಕೆಯಿಂದ ಭಯ ಹೋಗುತ್ತದೆಯೇ ಎಂಬ ಪ್ರಶ್ನೆಗೆ ಈ ಎರಡನೆಯ ವೆಸ್ಲಿಯ ಬದುಕಿನಲ್ಲಿ ಸಿಗುವ ಉತ್ತರ ಸರಳವಾದುದಲ್ಲ.

1703ರಲ್ಲಿ ಎಪ್ವರ್ತ್ ಎಂಬ ಊರಿನ ಪಾದ್ರಿಯ ಮನೆಯಲ್ಲಿ ಹುಟ್ಟಿದ ವೆಸ್ಲಿ ಐದು ವರ್ಷದವನಿದ್ದಾಗ ಆ ಮನೆಗೆ ಬೆಂಕಿ ಬಿತ್ತು. ಉರಿಯುವ ಮನೆಯ ಕಿಟಕಿಯಿಂದ ಅವನನ್ನು ಕೊನೆಯ ಗಳಿಗೆಯಲ್ಲಿ ಎಳೆದುಕೊಂಡರು. ದೇವರು ತನ್ನನ್ನು ಯಾವುದೋ ಕೆಲಸಕ್ಕಾಗಿ ಉಳಿಸಿದ್ದಾನೆಂಬ ಭಾವ ಅವನಲ್ಲಿ ಬೇರೂರಿತು. ಮುಂದೆ ಆಕ್ಸ್‌ಫರ್ಡಿನಲ್ಲಿ ಅವನೂ ಅವನ ಗೆಳೆಯರೂ ಉಪವಾಸ, ಪ್ರಾರ್ಥನೆ, ಸೆರೆಮನೆಗಳ ಭೇಟಿ ಎಲ್ಲವನ್ನೂ ಕಟ್ಟುನಿಟ್ಟಾದ ವೇಳಾಪಟ್ಟಿಯಂತೆ ನಡೆಸಿದರು. ‘ಮೆಥಡಿಸ್ಟ್’ ಎಂಬುದು ಈ ಶಿಸ್ತನ್ನು ಕಂಡು ಇತರರು ಇಟ್ಟ ಅಡ್ಡಹೆಸರು. ಇಷ್ಟೆಲ್ಲ ಮಾಡಿದರೂ ಅವನಿಗೆ ನೆಮ್ಮದಿ ಸಿಗಲಿಲ್ಲ.

1735ರ ಅಕ್ಟೋಬರಿನಲ್ಲಿ ವೆಸ್ಲಿ ಅಮೆರಿಕದ ಜಾರ್ಜಿಯಾ ವಸಾಹತಿಗೆ ಪಾದ್ರಿಯಾಗಿ ಹೊರಟ. ‘ಸಿಮಂಡ್ಸ್’ ಎಂಬ ಆ ಹಡಗಿನಲ್ಲಿ ಇಪ್ಪತ್ತಾರು ಮಂದಿ ಜರ್ಮನ್ ಮೊರೇವಿಯನ್ನರಿದ್ದರು. ಇವರದು ಧಾರ್ಮಿಕ ಕಿರುಕುಳದಿಂದ ಊರು ಬಿಟ್ಟು 1722ರಿಂದ ಹೆರ್ನ್‌ಹೂಟ್‌ನಲ್ಲಿ ನೆಲೆಸತೊಡಗಿದ್ದ ನಿರಾಶ್ರಿತರ ಸಮುದಾಯ. ಇತರರು ಹೇಸುವ ಚಾಕರಿಯನ್ನು ಹಡಗಿನಲ್ಲಿ ಅವರು ಕೂಲಿ ಪಡೆಯದೆ ಮಾಡುತ್ತಿದ್ದರು. ಅವರೊಡನೆ ಮಾತಾಡಲೆಂದೇ ವೆಸ್ಲಿ ಜರ್ಮನ್ ಕಲಿಯತೊಡಗಿದ.

ಜನವರಿಯಲ್ಲಿ ಒಂದರ ಮೇಲೊಂದು ಬಿರುಗಾಳಿ ಎದ್ದಿತು. ಸಾಯಲು ತನಗೆ ಮನಸ್ಸಿಲ್ಲವೆಂಬುದನ್ನು ಕಂಡುಕೊಂಡ ವೆಸ್ಲಿ ನಾಚಿ ಅದನ್ನು ದಿನಚರಿಯಲ್ಲಿ ಬರೆದುಕೊಂಡ. 1736ರ ಜನವರಿ 25ರ ಭಾನುವಾರ ಸಂಜೆ ಮೊರೇವಿಯನ್ನರು ಕೀರ್ತನೆ ಹಾಡುತ್ತಿದ್ದಾಗ ಅಲೆಯೊಂದು ಹಡಗನ್ನೇ ಮುಚ್ಚಿತು. ದೊಡ್ಡ ಹಾಯಿ ಚೂರುಚೂರಾಯಿತು, ನೀರು ಒಳ ಅಂತಸ್ತಿಗೆ ನುಗ್ಗಿತು. ಇಂಗ್ಲಿಷರು ಕಿರುಚಾಡಿದರು. ಜರ್ಮನ್ನರು ಹಾಡು ನಿಲ್ಲಿಸಲಿಲ್ಲ. ಭಯವಾಗಲಿಲ್ಲವೇ ಎಂದು ವೆಸ್ಲಿ ಆಮೇಲೆ ಅವರಲ್ಲೊಬ್ಬನನ್ನು ಕೇಳಿದ. ಇಲ್ಲ, ನಮ್ಮ ಹೆಂಗಸರು ಮಕ್ಕಳಿಗೂ ಸಾವಿನ ಭಯವಿಲ್ಲ ಎಂಬರ್ಥದ ಉತ್ತರ ಬಂತು. ಆಕ್ಸ್‌ಫರ್ಡಿನ ವಿದ್ವಾಂಸನಲ್ಲಿ ಇಲ್ಲದ ಧೈರ್ಯ ಆ ನಿರಾಶ್ರಿತರಲ್ಲಿತ್ತು.

ಜಾರ್ಜಿಯಾದಲ್ಲಿ ವೆಸ್ಲಿ ಸೋತ. ತಾನು ಪ್ರೀತಿಸಿದ್ದ ಯುವತಿ ಬೇರೊಬ್ಬನನ್ನು ಮದುವೆಯಾದ ಮೇಲೆ ಅವಳಿಗೆ ಪ್ರಭುಭೋಜನ ನಿರಾಕರಿಸಿದ್ದರಿಂದ ಮೊಕದ್ದಮೆಯಲ್ಲಿ ಸಿಕ್ಕಿಕೊಂಡು, 1737ರ ಡಿಸೆಂಬರಿನಲ್ಲಿ ಅಲ್ಲಿಂದ ಹೊರಟುಬಿಟ್ಟ. ಲಂಡನ್ನಿನಲ್ಲಿ ಪೀಟರ್ ಬೋಲರ್ ಎಂಬ ಮೊರೇವಿಯನ್ ತರುಣ ಅವನಿಗೆ ಜೊತೆಯಾದ. 1738ರ ಮೇ 24ರ ಸಂಜೆ ಮನಸ್ಸಿಲ್ಲದ ಮನಸ್ಸಿನಿಂದ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದಕ್ಕೆ ಹೋದ. ಅಲ್ಲಿ ಯಾರೋ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಓದುತ್ತಿದ್ದರು. ಒಂಬತ್ತಕ್ಕೆ ಕಾಲು ಗಂಟೆ ಇರುವಾಗ ತನ್ನ ಎದೆ ವಿಚಿತ್ರವಾಗಿ ಬೆಚ್ಚಗಾಯಿತು, ಕ್ರಿಸ್ತನು ತನ್ನನ್ನೂ ರಕ್ಷಿಸಿದ್ದಾನೆಂಬ ಭರವಸೆ ಹುಟ್ಟಿತು ಎಂದು ಅವನು ದಾಖಲಿಸಿದ್ದಾನೆ.

ಭಕ್ತರು ಹೇಳುವ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಆದರೆ ಮನೆಗೆ ಬಂದೊಡನೆ ಶೋಧನೆಗಳು ಮುತ್ತಿದವೆಂದು ಅದೇ ದಾಖಲೆ ಹೇಳುತ್ತದೆ. ಏಳೆಂಟು ತಿಂಗಳ ಬಳಿಕ, 1739ರ ಜನವರಿಯಲ್ಲಿ, ತಾನು ಕ್ರೈಸ್ತನೇ ಅಲ್ಲವೆಂದು ಅವನು ಬರೆದುಕೊಂಡ. 1766ರ ಜೂನಿನಲ್ಲಿ ತಮ್ಮ ಚಾರ್ಲ್ಸ್‌ಗೆ ಬರೆದ ಪತ್ರ ಇನ್ನೂ ಕಠೋರವಾಗಿದೆ. ತನಗೆ ದೇವರ ಮೇಲೆ ಪ್ರೀತಿ ಎಂದೂ ಇರಲಿಲ್ಲವೆಂದೂ, ಏನಾದರೂ ಭಯವಿದ್ದರೆ ಅದು ನರಕದ್ದಲ್ಲ, ಶೂನ್ಯದಲ್ಲಿ ಬಿದ್ದುಹೋಗುವುದರದ್ದೆಂದೂ ಅಲ್ಲಿ ಹೇಳುತ್ತಾನೆ. ಆಗ ಅವನಿಗೆ 63 ವರ್ಷ. ಸಾವಿರಾರು ಜನಕ್ಕೆ ಭರವಸೆ ಹಂಚಿದವನು ಹೀಗೆ ಬರೆದಾಗ ಕೆಲವು ಸಾಲುಗಳನ್ನು ಗೂಢ ಸಂಕೇತಲಿಪಿಯಲ್ಲಿಟ್ಟ. ಆದರೂ ಯಾವುದೋ ಶಕ್ತಿ ತನ್ನನ್ನು ಸುಮ್ಮನಿರಗೊಡದೆ ನಡೆಸುತ್ತಿದೆ ಎಂದು ಅದೇ ಪತ್ರದಲ್ಲಿದೆ. ಇಳಿವಯಸ್ಸಿನಲ್ಲಿ ತನ್ನ ದಿನಚರಿಯನ್ನು ಮರುಮುದ್ರಿಸುವಾಗ 1738ರ ತನ್ನ ಆತ್ಮನಿಂದೆಗೂ ಅಡಿಟಿಪ್ಪಣಿ ಸೇರಿಸಿದ: ಆಗಲೂ ತನಗೆ ಸೇವಕನ ನಂಬಿಕೆ ಇತ್ತು, ಮಗನ ನಂಬಿಕೆ ಇರಲಿಲ್ಲ ಎಂದು.

ಹಾಗಾದರೆ ಆಲ್ಡರ್ಸ್‌ಗೇಟಿನ ಸಂಜೆ ಸುಳ್ಳೇ? ನನಗೆ ಹಾಗನ್ನಿಸುವುದಿಲ್ಲ. ಭಯ ಒಂದು ಸಂಜೆಗೆ ಅಳಿಸಿಹೋಯಿತೆಂದು ಓದುವುದೇ ತಪ್ಪು. ಹಡಗಿನಲ್ಲಿ ಅವನು ಕಂಡದ್ದು ಒಂಟಿ ವೀರನೊಬ್ಬನ ಧೈರ್ಯವನ್ನಲ್ಲ. ನಿತ್ಯ ಕೂಡಿ ಹಾಡುತ್ತ, ಒಬ್ಬರ ಚಾಕರಿಯನ್ನು ಇನ್ನೊಬ್ಬರು ಮಾಡುತ್ತ ಬಂದವರಿಗೆ ಬಿರುಗಾಳಿಯಲ್ಲೂ ಅದೇ ಅಭ್ಯಾಸ ನೆರವಾಯಿತು. ಧೈರ್ಯ ಒಂದು ಗುಂಪಿನ ರೂಢಿಯಾಗಿತ್ತು.

ವೆಸ್ಲಿ ಮುಂದೆ ಕಟ್ಟಿದ್ದು ಇಂಥದೇ ರೂಢಿಯನ್ನು. 1742ರ ಫೆಬ್ರವರಿಯಲ್ಲಿ ಬ್ರಿಸ್ಟಲ್ ಸಭೆ ತನ್ನ ಕಟ್ಟಡದ ಸಾಲ ತೀರಿಸುವುದು ಹೇಗೆಂದು ಯೋಚಿಸುತ್ತಿತ್ತು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ, ಸುಮಾರು ಹನ್ನೆರಡು ಜನರಿಗೊಬ್ಬ ಮುಖಂಡ ಮನೆಮನೆಗೆ ಹೋಗಿ ವಸೂಲು ಮಾಡಲಿ, ಕೊಡಲಾಗದ ಬಡವರ ಪಾಲನ್ನು ಅವನೇ ತುಂಬಲಿ ಎಂದು ಕ್ಯಾಪ್ಟನ್ ಫಾಯ್ ಎಂಬಾತ ಸೂಚಿಸಿದ. ಪೆನ್ನಿಗಾಗಿ ಬಾಗಿಲು ತಟ್ಟಿದ ಮುಖಂಡರಿಗೆ ಒಳಗಿನ ಜಗಳ, ಕುಡಿತ, ಚಿಂತೆಗಳೂ ಕಂಡವು. ಸಾಲ ತೀರಿಸಲು ಹುಟ್ಟಿದ ಏರ್ಪಾಡು ವಾರವಾರವೂ ಕೂಡಿ, ನಿನ್ನ ಮನಸ್ಸು ಈಗ ಹೇಗಿದೆ ಎಂದು ಪರಸ್ಪರ ವಿಚಾರಿಸುವ ‘ಕ್ಲಾಸ್ ಮೀಟಿಂಗ್’ ಆಯಿತು. ಅಲ್ಲಿ ಗಣಿ ಕೆಲಸಗಾರನೂ ಮನೆಗೆಲಸದವಳೂ ತಮ್ಮ ಭಯವನ್ನು ಬಾಯಿಬಿಟ್ಟು ಹೇಳಬಹುದಿತ್ತು. ಹೆಂಗಸರೂ ಮುಖಂಡರಾದರು.

ಇದರಲ್ಲೊಂದು ಕಹಿಯೂ ಇದೆ. ಇಷ್ಟು ಜನರಿಗೆ ಭಯವನ್ನು ಹೇಳಿಕೊಳ್ಳುವ ಜಾಗ ಮಾಡಿಕೊಟ್ಟವನಿಗೆ ತನ್ನದನ್ನು ಹೇಳಿಕೊಳ್ಳಲು ತಮ್ಮನಿಗೆ ಬರೆದ ಪತ್ರ ಮತ್ತು ಗೂಢಲಿಪಿ ಬೇಕಾಯಿತು. 1791ರ ಮಾರ್ಚ್ 2ರಂದು ಅವನು ತೀರಿಕೊಂಡಾಗ ಸುತ್ತ ಗೆಳೆಯರಿದ್ದರು. ಕೊನೆಯ ದಿನಗಳಲ್ಲಿ ಅವನು ಶಾಂತನಾಗಿದ್ದ, ಹಾಡಲೂ ಯತ್ನಿಸಿದ ಎಂದು ಅವರು ಬರೆದಿಟ್ಟರು. ಭಯವನ್ನು ಗೆದ್ದವನೆಂದು ಅವನನ್ನು ಕರೆಯುವುದಕ್ಕಿಂತ, ಭಯವಿದ್ದೂ ಐವತ್ತು ವರ್ಷ ಜನರ ನಡುವೆ ನಡೆದವನೆನ್ನುವುದು ದಾಖಲೆಗಳಿಗೆ ಹತ್ತಿರ. ನಂಬಿಕೆ ಅವನಿಗೆ ಕೊಟ್ಟದ್ದು ಆ ನಡೆಯುವ ಬಲವನ್ನು.