ತೂರುವ ಮುನ್ನ

ಗದಗ ಕಡೆಯ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಅವರ ಸಭೆಯ ಪ್ರಾರ್ಥನಾಕೂಟದಲ್ಲಿ ಹುಡುಗನೊಬ್ಬ ಎದ್ದುನಿಂತು, ‘ಕರ್ತರು ನನಗೆ ಡೋರ್ ಓಪನ್ ಮಾಡಿದ್ದಾರೆ, ಪುಣೆಯಲ್ಲಿ ಕೆಲಸ, ಹೋಗಲೋ ಬೇಡವೋ ಅಂತ ಪ್ರೇ ಮಾಡ್ತಾ ಇದೀನಿ’ ಎಂದನಂತೆ. ಹಿಂದೆ ಕೂತಿದ್ದ ಅಜ್ಜಿಯೊಬ್ಬರು ತಡೆಯಲಾರದೆ, ‘ಗಾಳಿ ಬಂದಾಗ ತೂರ್ಕೋಬೇಕೋ ತಮ್ಮಾ’ ಎಂದುಬಿಟ್ಟರಂತೆ. ಕೆಲವರು ನಕ್ಕರು, ಕೆಲವರಿಗೆ ಇರಿಸುಮುರಿಸಾಯಿತು. ಅದು ಪಕ್ಷಾಂತರಿಗಳ ಗಾದೆಯಲ್ಲವೇ, ದೇವರ ಚಿತ್ತ ಕೇಳುವ ಜಾಗದಲ್ಲಿ ಆಡಬಹುದೇ ಎಂಬುದು ಓದುಗರ ಪ್ರಶ್ನೆ.

ಧಾರಾಳವಾಗಿ ಆಡಬಹುದು. ಬಾಗಿಲೇನೋ ಪೌಲನ ಪತ್ರಗಳಲ್ಲೂ ಇದೆ, ಒಪ್ಪುತ್ತೇನೆ. ಆದರೆ ಕನ್ನಡದಲ್ಲಿ ಬಾಗಿಲು ಗಟ್ಟಿಮುಟ್ಟಾಗಿರುವಾಗ ಡೋರ್ ಏಕೆ ಬೇಕಾಯಿತೋ! ಇತ್ತೀಚೆಗೆ ಸಾಕ್ಷಿ ಹೇಳಲು ನಿಂತವರೆಲ್ಲ ಮೊದಲು ಒಂದು ಡೋರ್ ಓಪನ್ ಮಾಡಿಸಿಯೇ ಮಾತು ಶುರುಮಾಡುತ್ತಾರೆ, ಆಮೇಲೆ ಅದರ ಮುಂದೆ ತಿಂಗಳುಗಟ್ಟಲೆ ನಿಂತಿರುತ್ತಾರೆ. ಅಜ್ಜಿಯ ಕ್ರಿಯಾಪದಕ್ಕೆ ಹಾಗೆ ನಿಲ್ಲುವುದು ಗೊತ್ತಿಲ್ಲ. ಅದಕ್ಕೆ ಕೈ ಎತ್ತಲೇಬೇಕು, ಏಕೆಂದರೆ ಅದು ಕಣದಲ್ಲಿ ಹುಟ್ಟಿದ್ದು.

ಕಷ್ಟ ಇಷ್ಟೇ: ಈಗ ಕಣವೇ ಇಲ್ಲ. ರಾಗಿ, ಹುರುಳಿಯನ್ನು ಟಾರು ರಸ್ತೆಗೆ ಹರಡಿ ಲಾರಿ, ಬಸ್ಸುಗಳ ಚಕ್ರದಿಂದ ತುಳಿಸುತ್ತಾರೆ. ಇಲ್ಲವೇ ಯಂತ್ರ ಬಂದು ತಾನೇ ಬಡಿದು, ತಾನೇ ಫ್ಯಾನು ತಿರುಗಿಸಿ ಗಾಳಿಯನ್ನೂ ಹುಟ್ಟಿಸಿಕೊಳ್ಳುತ್ತದೆ. ಬೇಕೆಂದಾಗ ಗಾಳಿ ಮಾಡಿಕೊಳ್ಳಬಲ್ಲ ಕಾಲಕ್ಕೆ ಈ ಗಾದೆ ಅರ್ಥವಾಗದಿರುವುದು ಸಹಜ. ತೂರುವುದೆಂದರೆ ನಮ್ಮ ಪತ್ರಿಕೆಗಳಿಗೆ ಕಲ್ಲು ತೂರಾಟ ಮಾತ್ರ.

ನಾನು ಚಿಕ್ಕವನಿದ್ದಾಗ ನೋಡಿದ ಕಣ ಬೇರೆ. ಸುಗ್ಗಿಗೆ ಮುಂಚೆಯೇ ನೆಲ ಕೆತ್ತಿ, ನೀರು ಹೊಯ್ದು, ಬಡಿದು, ಸಗಣಿ ಸಾರಿಸುತ್ತಿದ್ದರು. ನಡುವೆ ಮೇಟಿ. ತೆನೆ ಹರಡಿ, ಎತ್ತು ಕಟ್ಟಿ, ರೋಣಗಲ್ಲು ಸುತ್ತಿಸಿ, ಹುಲ್ಲು ಕೊಡವಿ ತೆಗೆದ ಮೇಲೆ ಕಾಳೂ ಹೊಟ್ಟೂ ಬೆರೆತ ಗುಡ್ಡೆಯೊಂದು ಉಳಿಯುತ್ತಿತ್ತು. ಅಲ್ಲಿಗೆ ಮನುಷ್ಯನ ಕೈಯಲ್ಲಿ ಆಗುವುದೆಲ್ಲ ಮುಗಿಯಿತು. ಮನೆಯ ಹಿರಿಯರೊಬ್ಬರು ಒಂದು ಚಿಟಿಕೆ ಹೊಟ್ಟನ್ನು ಎತ್ತರದಿಂದ ಬಿಟ್ಟು ಅದು ಯಾವ ಕಡೆ ವಾಲುತ್ತದೆಂದು ನೋಡುತ್ತಿದ್ದರು. ನೇರ ಬಿದ್ದರೆ ಮತ್ತೆ ಕೂರುವುದು, ಎಲೆ ಅಡಿಕೆ ಹಾಕುವುದು. ಮೊರ ಪಕ್ಕದಲ್ಲೇ ಇರುತ್ತಿತ್ತು, ಮೊರವನ್ನು ಮನೆಯಲ್ಲಿ ಬಿಟ್ಟು ಗಾಳಿಗೆ ಕಾದವರನ್ನು ನಾನು ಕಾಣೆ. ಮರದ ಎಲೆ ಅಲ್ಲಾಡಿದ್ದೇ ತಡ, ಅನ್ನದ ತಟ್ಟೆಯ ಮುಂದಿದ್ದವರೂ ಕೈ ತೊಳೆದು ಓಡುತ್ತಿದ್ದರು. ಒಬ್ಬ ಎತ್ತರದ ಮಣೆಯ ಮೇಲೆ ನಿಂತು ಮೊರ ತೂಗುತ್ತಿದ್ದ; ಕಾಳು ಅವನ ಕಾಲಬುಡಕ್ಕೆ, ಹೊಟ್ಟು ದೂರಕ್ಕೆ. ರಾಶಿ ಆದ ರಾತ್ರಿ ಅದರ ಪಕ್ಕದಲ್ಲೇ ಯಾರಾದರೂ ಮಲಗಬೇಕು.

ರೂತಳ ಕಥೆಯಲ್ಲಿ ಬೋವಜನೂ ಹಾಗೆಯೇ ರಾಶಿಯ ಮಗ್ಗುಲಲ್ಲಿ ಮಲಗಿದ್ದ. ಬೇತ್ಲೆಹೇಮಿನ ಕಡೆ ಸಂಜೆಯಾದ ಮೇಲೆ ಸಮುದ್ರದ ಗಾಳಿ ಏಳುತ್ತದೆ, ಆದ್ದರಿಂದ ಜವೆಗೋಧಿ ತೂರುವುದು ಇರುಳಿಗೆ. ಅತ್ತೆ ನೊವೊಮಿ ಸೊಸೆಗೆ ಹೇಳಿದ ಮಾತಿನ ಸಾರವೇನು? ಅವನು ಈ ರಾತ್ರಿ ಕಣದಲ್ಲಿ ತೂರುತ್ತಾನೆ, ನೀನು ಮಿಂದು, ಎಣ್ಣೆ ಪೂಸಿಕೊಂಡು, ಬಟ್ಟೆ ಉಟ್ಟು ಹೋಗು. ದೇವರೇ ದಾರಿ ತೋರಿಸಲಿ ಎಂದು ಇಬ್ಬರು ವಿಧವೆಯರು ಮನೆಯಲ್ಲೇ ಕೂತಿದ್ದರೆ ದಾವೀದನ ವಂಶಾವಳಿ ಅಲ್ಲಿಗೇ ನಿಲ್ಲುತ್ತಿತ್ತು. ಇತ್ತ ಸ್ನಾನಿಕ ಯೋಹಾನನೂ ಬರುವಾತನನ್ನು ಬಣ್ಣಿಸುವಾಗ ಕಣಕ್ಕೇ ಹೋಗುತ್ತಾನೆ. ಆ ನಾಡಿನವರು ತೂರಲು ಬಳಸುತ್ತಿದ್ದುದು ಮರದ ಕವೆಗೋಲು, ಸಲಿಕೆ. ಕನ್ನಡ ಬೈಬಲನ್ನು ತಿದ್ದಿತೀಡಿದ ಪುಣ್ಯಾತ್ಮರು ಅವನ ಬಾಯಲ್ಲಿ ನಮ್ಮ ಮೊರವನ್ನೇ ಇಟ್ಟರು. ಮೊರ ಹಿಡಿದ ಮೆಸ್ಸೀಯನನ್ನು ಒಪ್ಪಿಕೊಂಡ ಸಭೆಗೆ ಅಜ್ಜಿಯ ಗಾದೆ ಅಪಥ್ಯವಾಗಬೇಕೇ?

ಈಗ ನನ್ನದೊಂದು ಸಿದ್ಧಾಂತ. ನಿಘಂಟುಗಳು ಏನಾದರೂ ಹೇಳಿಕೊಳ್ಳಲಿ, ನಾನಂತೂ ಬಿಡುವವನಲ್ಲ. ಕಾಳು ತೂರುವ ತೂರು, ಸಂದಿಯಲ್ಲಿ ನುಸುಳುವ ತೂರು, ಕುಡಿದವನ ತೂರಾಟ, ಮೂರೂ ಒಂದೇ. ಮೂರಕ್ಕೂ ಒಡೆಯ ಗಾಳಿ. ಗಾಳಿ ಹೊಟ್ಟನ್ನು ಒಯ್ಯುತ್ತದೆ, ಗಾಳಿ ಸಂದಿಯಲ್ಲಿ ನುಗ್ಗುತ್ತದೆ, ಗಾಳಿ ಹೊಡೆದ ಗಿಡದಂತೆ ಕುಡುಕ ಓಲಾಡುತ್ತಾನೆ. ಪುರಾವೆ ಕೇಳುವವರು ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯ ನೋಡಲಿ. ಪಂಚಾಶತ್ತಮ ಯೆಹೂದ್ಯರಿಗೆ ಸುಗ್ಗಿಯ ಹಬ್ಬ. ಆ ದಿನ ಮನೆಯೊಳಕ್ಕೆ ಬಿರುಗಾಳಿಯಂಥ ಸದ್ದು ತೂರಿಬಂತು. ಶಿಷ್ಯರನ್ನು ಕಂಡ ಜನ ಇವರು ಕುಡಿದು ತೂರಾಡುತ್ತಿದ್ದಾರೆ ಎಂದು ಗೇಲಿ ಮಾಡಿದರು. ಪೇತ್ರ ಎದ್ದುನಿಂತು, ಇನ್ನೂ ಬೆಳಗಿನ ಒಂಬತ್ತು ಗಂಟೆಯಪ್ಪಾ, ಈಗಲೇ ಯಾರು ಕುಡಿಯುತ್ತಾರೆ ಎಂಬರ್ಥದ ಮಾತಾಡಬೇಕಾಯಿತು. ಸುಗ್ಗಿ, ಗಾಳಿ, ತೂರಾಟ ಎಲ್ಲ ಒಂದೇ ಕಡೆ! ಸಂಜೆಯೊಳಗೆ ಸುಮಾರು 3,000 ಮಂದಿಯ ರಾಶಿ. ಭಾಷಾಶಾಸ್ತ್ರಕ್ಕೆ ಇಷ್ಟು ಸಾಲದಿದ್ದರೆ ಅದು ಭಾಷಾಶಾಸ್ತ್ರದ ದುರದೃಷ್ಟ.

ಆದರೆ ಆ ಗಾಳಿ ಬೀಸುವ ಮುಂಚಿನ ಹತ್ತು ದಿನಗಳನ್ನು ಗಮನಿಸಿ. ಯೇಸು ಅವರಿಗೆ ಪಟ್ಟಣದಲ್ಲೇ ಕಾದಿರಿ ಎಂದಿದ್ದ. ಅವರು ಕಾದರು, ಒಮ್ಮನಸ್ಸಿನಿಂದ ಪ್ರಾರ್ಥಿಸಿದರು, ಜೊತೆಗೆ ಯೂದನಿಂದ ಖಾಲಿಯಾದ ಸ್ಥಾನಕ್ಕೆ ಚೀಟಿ ಹಾಕಿ ಮತ್ತೀಯನನ್ನು ಆರಿಸಿಕೊಂಡು ಹನ್ನೆರಡನ್ನು ಭರ್ತಿ ಮಾಡಿದರು. ಕಣ ಸಾರಿಸುವುದೆಂದರೆ ಇದೇ. ಗಾದೆಯ ಗುಟ್ಟೂ ಇಲ್ಲಿದೆ. ಗಾಳಿ ದೇವರದು, ಅದನ್ನು ಬರಿಸಲು ನಮ್ಮಿಂದಾಗದು. ಬಡಿದು ಮುಗಿಸಿರುವುದು ಮಾತ್ರ ನಮ್ಮ ಪಾಲಿನದು. ಬಡಿಯದೆ ಇದ್ದವನಿಗೆ ಗಾಳಿ ಬಂದರೆ ಬರೀ ಧೂಳು. ನಮ್ಮ ಪಕ್ಷಾಂತರಿಗಳು ಈ ಗಾದೆಯನ್ನು ಕದ್ದರು ನಿಜ, ಆದರೆ ಗಾಳಿಯನ್ನಷ್ಟೇ ಕದ್ದರು. ಕಣ ಬೇರೆಯವರದು, ರಾಶಿಯೂ ಬೇರೆಯವರದು.

ನಮ್ಮ ನಾಡಿನದೇ ಒಂದು ಕಣ ತೋರಿಸುತ್ತೇನೆ. ಬ್ರಿಟಿಷರಲ್ಲದ ಮಿಷನರಿಗಳು ಇಲ್ಲಿ ನೆಲೆಸಲು 1833ರ ಚಾರ್ಟರ್ ಕಾಯಿದೆಯಿಂದ ದಾರಿಯಾಯಿತು. ಮರುವರ್ಷವೇ, 1834ರಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್ನಿನಿಂದ ಹಡಗು ಹತ್ತಿ ಮಂಗಳೂರಿಗೆ ಬಂದರು. ಅಷ್ಟು ಬೇಗ ಹೇಗೆ? ಮಿಷನ್ ಹುಟ್ಟಿದ್ದು 1815ರಲ್ಲಿ. ಕಾಯಿದೆ ಬರುವ ಹೊತ್ತಿಗೆ ಬಾಸೆಲ್‌ನಲ್ಲಿ ವರ್ಷಾನುಗಟ್ಟಲೆ ಹುಡುಗರನ್ನು ಕೂರಿಸಿಕೊಂಡು ತರಬೇತಿ ಕೊಡುತ್ತಿದ್ದರು. ಲಂಡನ್ನಿನ ಸಂಸತ್ತಿನಲ್ಲಿ ಎಲೆ ಅಲ್ಲಾಡಿದಾಗ ಮೊರ ಕೈಯಲ್ಲೇ ಇತ್ತು.

1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗ್‌ನದು ಇನ್ನೂ ಸ್ವಾರಸ್ಯ. ಕನ್ನಡ ಕಲಿತು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿ, ದಾಸರ ಪದಗಳನ್ನು ಅಚ್ಚುಹಾಕಿ, ಗಾದೆಗಳನ್ನೂ ಕೂಡಿಸಿದ ಆಸಾಮಿ. ಅಜ್ಜಿಯ ಗಾದೆ ಅವನ ಕಿವಿಗೂ ಬಿದ್ದಿರಬೇಕೆಂದು ನನ್ನ ಗುಮಾನಿ. ಇಷ್ಟೆಲ್ಲ ಆಗಿ, ದಣಿದು, ಊರಿಗೆ ಹೊರಡುವ ಸಿದ್ಧತೆಯಲ್ಲಿದ್ದಾಗ ಕೊಡಗಿನ ಆಲಮಂಡ ಸೋಮಯ್ಯ ಎಂಬವರು ಕ್ರೈಸ್ತರಾಗಬೇಕೆಂದು ಬಂದರು. 1853ರಲ್ಲಿ ಅವರಿಗೆ ದೀಕ್ಷಾಸ್ನಾನವಾಯಿತು, ಮೊಗ್ಲಿಂಗ್ ಜರ್ಮನಿಯ ದಾರಿ ಬಿಟ್ಟು ಘಟ್ಟ ಹತ್ತಿದ. ಮುಂದೆ ಜೀತದ ಬದುಕಿನಿಂದ ಬಂದವರಿಗಾಗಿ ಅಲ್ಲಿ ಆನಂದಪುರ ಎಂಬ ನೆಲೆ ಎದ್ದಿತು. ಬಂದವನು ಒಬ್ಬನೇ, ಇನ್ನೂ ನಾಲ್ಕು ಜನ ಬಂದು ಖಚಿತವಾಗಲಿ ಎಂದು ಮೊಗ್ಲಿಂಗ್ ಕೂರಲಿಲ್ಲ. ಎಲೆ ಅಲ್ಲಾಡಿತು, ಎದ್ದ.

ಗಾಳಿ ನೋಡುತ್ತ ಕೂತವನು ಬಿತ್ತುವುದೇ ಇಲ್ಲ ಎಂಬರ್ಥದ ಮಾತು ಪ್ರಸಂಗಿಯಲ್ಲಿದೆಯಲ್ಲ ಎಂದು ಯಾರಾದರೂ ತಕರಾರು ತೆಗೆದೇ ತೆಗೆಯುತ್ತಾರೆ. ಬೇಸಾಯ ಗೊತ್ತಿದ್ದವರಿಗೆ ಇದು ತಕರಾರೇ ಅಲ್ಲ. ಬಿತ್ತನೆಗೆ ಹದ ನೋಡಬೇಕು, ತೂರಲು ಗಾಳಿ ನೋಡಬೇಕು. ದಿನನಿತ್ಯದ ಕರ್ತವ್ಯಕ್ಕೂ ದೇವರ ಸೂಚನೆ ಕೇಳುವ ಭಕ್ತರಿದ್ದಾರೆ, ಅವರಿಗೆ ಪ್ರಸಂಗಿ. ಸೂಚನೆ ಬಂದ ಮೇಲೂ ಏಳದವರಿಗೆ ಅಜ್ಜಿ.

ಗಾಳಿಯೆಲ್ಲ ದೇವರದೇ ಕರೆ ಎಂದು ತಿಳಿಯುವವರಿಗೆ ಪೌಲನ ಎರಡು ಪ್ರಯಾಣ ಸಾಕು. ಏಷ್ಯ ಸೀಮೆಗೂ ಬಿಥೂನ್ಯಕ್ಕೂ ಹೋಗಲು ಪವಿತ್ರಾತ್ಮನ ಅಪ್ಪಣೆ ಸಿಗದೆ ತ್ರೋವದ ಕಡಲಂಚಿಗೆ ಬಂದವನಿಗೆ ರಾತ್ರಿ ದರ್ಶನದಲ್ಲಿ ಮಕೆದೋನ್ಯದವನೊಬ್ಬ ಬಾ ಎಂದು ಕರೆದ. ಕೂಡಲೇ ಹಡಗು ಹಿಡಿದರು, ಎರಡನೆಯ ದಿನ ನೆಯಾಪೊಲಿ ಮುಟ್ಟಿದರು. ಇದೇ ಕಡಲನ್ನು ಇನ್ನೊಮ್ಮೆ ಆಚೆಯಿಂದ ಈಚೆಗೆ ದಾಟಲು ಐದು ದಿನ ಹಿಡಿಯಿತು ಎಂದು ಲೂಕನೇ ಬರೆದಿದ್ದಾನೆ. ಆ ಮೊದಲ ಸಲ ಗಾಳಿ ಬೆನ್ನಿಗಿತ್ತು.

ಇನ್ನೊಂದು ಪ್ರಯಾಣ ಕೈದಿಯಾಗಿ, ರೋಮಿಗೆ ಹೋಗುವ ಅಲೆಕ್ಸಾಂದ್ರಿಯದ ಹಡಗಿನಲ್ಲಿ. ಕ್ರೇತ ದ್ವೀಪದ ಬಳಿ ಪೌಲ, ಕಾಲ ಮೀರಿದೆ, ಮುಂದೆ ಹೋಗುವುದು ಬೇಡ ಎಂದ. ಶತಾಧಿಪತಿ ನಾವಿಕನ ಮಾತು, ಒಡೆಯನ ಮಾತು ನಂಬಿದ. ಹೆಚ್ಚಿನವರ ಅಭಿಪ್ರಾಯವೂ ಹೊರಡೋಣ ಎಂದೇ ಆಯಿತು. ಅಷ್ಟರಲ್ಲಿ ತೆಂಕಣ ಗಾಳಿ ಮೆಲ್ಲನೆ ಬೀಸಿತು. ಅಂದುಕೊಂಡದ್ದು ಕೈಗೂಡಿತೆಂದು ಲಂಗರು ಎತ್ತಿದರು. ಯಾರದೋ ಬಾಯಲ್ಲಿ ಅಂದು ಅಜ್ಜಿಯ ಗಾದೆಯ ಗ್ರೀಕ್ ತಮ್ಮನೊಬ್ಬ ಬಂದುಹೋಗಿರಲೂಬಹುದು. ಸ್ವಲ್ಪ ಹೊತ್ತಿಗೇ ಈಶಾನ್ಯದ ಚಂಡಮಾರುತ. ಹದಿನಾಲ್ಕು ರಾತ್ರಿ ದಿಕ್ಕೆಟ್ಟು ತೇಲಿದ ಮೇಲೆ ಪೌಲನೇ 276 ಮಂದಿಗೂ ಧೈರ್ಯ ಹೇಳಿ ಊಟ ಮಾಡಿಸಿದ. ಜೀವವೇನೋ ಎಲ್ಲರದೂ ಉಳಿಯಿತು. ಆದರೆ ಊಟವಾದ ಮೇಲೆ ಹಡಗು ಹಗುರವಾಗಲೆಂದು ಅವರು ಸಮುದ್ರಕ್ಕೆ ತೂರಿದ್ದು ಹೊಟ್ಟನ್ನಲ್ಲ, ಗೋಧಿಯನ್ನು.