ಹ. ಫಾತಿಮಾ(ರ)ರ ಬೀಸುವ ಕಲ್ಲು

ಇಸ್ಲಾಮಿನ ಆರಂಭಕಾಲದ ಇತಿಹಾಸ ಎಂದೊಡನೆ ನಮ್ಮ ನೆನಪಿಗೆ ಬರುವುದು ಬದ್ರ್, ಉಹುದ್, ಹುದೈಬಿಯಾ, ಮಕ್ಕಾ ವಿಜಯ. ಮದ್ರಸಾದಲ್ಲಿ ನಮ್ಮ ಮಕ್ಕಳು ಬಾಯಿಪಾಠ ಮಾಡುವುದೂ ಅವುಗಳ ವರ್ಷಗಳನ್ನೇ. ಆದರೆ ಹದೀಸ್ ಗ್ರಂಥಗಳ ಪುಟಗಳಲ್ಲಿ ಇನ್ನೊಂದು ಮದೀನಾ ಇದೆ. ಅಲ್ಲಿ ಹಿಟ್ಟು ನಾದುವವರು, ಚಪ್ಪಲಿ ಹೊಲಿಯುವವರು, ಬಾವಿಯಿಂದ ನೀರು ಸೇದುವವರು ಇದ್ದಾರೆ. ಹಿಂದಿನ ಸಾಲಿನಿಂದ ಮಗುವಿನ ಅಳು ಕೇಳಿಸಿದಾಗ, ಅದರ ತಾಯಿಗೆ ಕಷ್ಟವಾಗಬಾರದೆಂದು ನಮಾಝನ್ನು ಸಂಕ್ಷಿಪ್ತಗೊಳಿಸಿದ ಪ್ರವಾದಿ(ಸ) ಇದ್ದಾರೆ. ರಣರಂಗದ ಮದೀನಾದಷ್ಟೇ ಈ ಅಡುಗೆಮನೆಯ ಮದೀನಾವನ್ನೂ ಸಹಾಬಿಗಳು ಜತನದಿಂದ ನೆನಪಿಟ್ಟುಕೊಂಡು ಮುಂದಿನ ಪೀಳಿಗೆಗೆ ಒಪ್ಪಿಸಿದರು.

ಆ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿಯುತ್ತಿದ್ದ ವಸ್ತು ಬೀಸುವ ಕಲ್ಲು. ಮದೀನಾದವರ ದಿನನಿತ್ಯದ ಧಾನ್ಯ ಬಾರ್ಲಿ. ಅದನ್ನು ಪ್ರತಿ ಮನೆಯಲ್ಲೂ ಕೈಯಿಂದಲೇ ಬೀಸಬೇಕಿತ್ತು. ಪ್ರವಾದಿವರ್ಯರ(ಸ) ಕಾಲದಲ್ಲಿ ಜರಡಿ ಇತ್ತೇ ಎಂದು ಒಬ್ಬರು ಹ. ಸಹ್ಲ್ ಬಿನ್ ಸಅದ್(ರ)ರನ್ನು ಕೇಳಿದ ಪ್ರಸಂಗ ಬುಖಾರಿಯಲ್ಲಿದೆ. ಜರಡಿ ಇರಲಿಲ್ಲ ಎಂಬುದು ಅವರ ಉತ್ತರ. ಬೀಸಿದ ಹಿಟ್ಟನ್ನು ಬಾಯಿಂದ ಊದುತ್ತಿದ್ದರು, ಹಾರುವ ಹೊಟ್ಟು ಹಾರಿಹೋಗುತ್ತಿತ್ತು, ಉಳಿದುದನ್ನು ನೆನೆಸಿ ತಿನ್ನುತ್ತಿದ್ದರು. ಆ ಒರಟು ರೊಟ್ಟಿಯೂ ಪ್ರವಾದಿಯವರ(ಸ) ಮನೆಯಲ್ಲಿ ಸತತ ಎರಡು ದಿನ ಹೊಟ್ಟೆ ತುಂಬುವಷ್ಟು ಇರುತ್ತಿರಲಿಲ್ಲವೆಂದು ಹ. ಆಯಿಶಾ(ರ) ತಿಳಿಸಿದ್ದಾರೆ.

ಹ. ಅಲಿ(ರ) ಮತ್ತು ಹ. ಫಾತಿಮಾ(ರ)ರ ವಿವಾಹ ನಡೆದದ್ದು ಹಿಜರಿ 2ರಲ್ಲಿ, ಬದ್ರ್ ಯುದ್ಧದ ಬಳಿಕ. ಮಗಳು ಹೊಸ ಮನೆಗೆ ಹೋಗುವಾಗ ಪ್ರವಾದಿವರ್ಯರು(ಸ) ಕೊಟ್ಟದ್ದು ಒಂದು ಹೊದಿಕೆ, ನೀರು ತರುವ ಚರ್ಮದ ಚೀಲ ಮತ್ತು ಇದ್‌ಖಿರ್ ಹುಲ್ಲು ತುಂಬಿದ ಚರ್ಮದ ದಿಂಬು. ಬೀಸುವ ಕಲ್ಲು ಮತ್ತು ಮಡಕೆಗಳ ಉಲ್ಲೇಖವೂ ಇನ್ನೊಂದು ವರದಿಯಲ್ಲಿದೆ. ಈ ಪಟ್ಟಿಯಲ್ಲಿ ವರದಕ್ಷಿಣೆಗೆ ಪುರಾವೆ ಹುಡುಕುವವರು ನಮ್ಮ ನಡುವೆ ಇದ್ದಾರೆ. ಅಲಿ(ರ) ತಮ್ಮ ಯುದ್ಧ ಕವಚವನ್ನೇ ಮಹ್ರ್ ಆಗಿ ಕೊಟ್ಟದ್ದು ಮಾತ್ರ ಅವರಿಗೆ ನೆನಪಾಗುವುದಿಲ್ಲ.

ಆ ಮನೆಯಲ್ಲಿ ಆಳುಗಳಿರಲಿಲ್ಲ. ಒಂದು ವರ್ಷದ ಅಂತರದಲ್ಲಿ ಹಸನ್(ರ) ಮತ್ತು ಹುಸೈನ್(ರ) ಹುಟ್ಟಿದರು. ಕಲ್ಲು ತಿರುಗಿಸಿ ತಿರುಗಿಸಿ ಫಾತಿಮಾ(ರ)ರ ಕೈಯಲ್ಲಿ ಗುರುತು ಬಿದ್ದಿತು, ನೀರಿನ ಚೀಲ ಹೊತ್ತು ಕತ್ತಿನ ಬಳಿ ಗುರುತು ಬಿದ್ದಿತು, ಮನೆ ಗುಡಿಸಿ ಬಟ್ಟೆ ಧೂಳಾಯಿತು. ಅಬೂದಾವೂದ್ ಸಂಗ್ರಹದಲ್ಲಿರುವ ಈ ಮೂರು ವಿವರಗಳನ್ನು ಹೇಳಿದವರು ಸ್ವತಃ ಹ. ಅಲಿ(ರ). ಪತ್ನಿಯ ಅಂಗೈಯನ್ನು ಅವರು ನೋಡಿದ್ದರು. ನೋಡಿದ್ದನ್ನು ಹಲವು ವರ್ಷಗಳ ಬಳಿಕವೂ ಮರೆತಿರಲಿಲ್ಲ. ಅವರ ದುಡಿಮೆಯೂ ಕಡಿಮೆಯದಲ್ಲ. ನೀರು ಸೇದಿ ಸೇದಿ ತನ್ನ ಎದೆ ನೋಯುತ್ತಿದೆಯೆಂದು ಅವರು ಹೇಳಿದಾಗ, ಬೀಸಿ ಬೀಸಿ ತನ್ನ ಕೈಯಲ್ಲಿ ಬೊಬ್ಬೆಗಳೆದ್ದಿವೆಯೆಂದು ಫಾತಿಮಾ(ರ) ಹೇಳಿದ ಸಂಭಾಷಣೆ ಮುಸ್ನದ್ ಅಹ್ಮದ್‌ನಲ್ಲಿದೆ. ದಣಿದ ಗಂಡ ಹೆಂಡಿರ ಮಾತು ಎಲ್ಲ ಕಾಲದಲ್ಲೂ ಹೀಗೆಯೇ ಶುರುವಾಗುತ್ತದೆ!

ಆ ದಿನಗಳಲ್ಲಿ ಪ್ರವಾದಿವರ್ಯರ(ಸ) ಬಳಿಗೆ ಕೆಲವು ಸೆರೆಯಾಳುಗಳನ್ನು ತರಲಾಗಿತ್ತು. ಯುದ್ಧದಲ್ಲಿ ಸೆರೆಸಿಕ್ಕವರನ್ನು ಮನೆಗೆಲಸಕ್ಕೆ ಹಂಚುವುದು ಅಂದು ಎಲ್ಲೆಡೆಯೂ ಇದ್ದ ಪದ್ಧತಿ. ಒಬ್ಬ ಸಹಾಯಕರನ್ನು ಕೇಳೋಣವೆಂದು ಫಾತಿಮಾ(ರ) ತಂದೆಯ ಮನೆಗೆ ಹೋದರು. ಪ್ರವಾದಿವರ್ಯರು(ಸ) ಮನೆಯಲ್ಲಿರಲಿಲ್ಲ. ಹ. ಆಯಿಶಾ(ರ)ರಿಗೆ ವಿಷಯ ತಿಳಿಸಿ ಅವರು ಮರಳಿದರು. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿರುವ ವರದಿಯ ಪ್ರಕಾರ, ಆ ರಾತ್ರಿ ದಂಪತಿ ಮಲಗಿದ ಮೇಲೆ ಪ್ರವಾದಿವರ್ಯರು(ಸ) ತಾವಾಗಿ ಅವರ ಮನೆಗೆ ಬಂದರು. ಇಬ್ಬರೂ ಎದ್ದೇಳಲು ಹೊರಟಾಗ ಬೇಡವೆಂದು ತಡೆದು, ಅವರ ನಡುವೆ ಕುಳಿತರು. ಅವರ ಪಾದಗಳ ತಂಪು ತನ್ನ ಎದೆಗೆ ತಾಕಿದ್ದನ್ನು ಹ. ಅಲಿ(ರ) ನೆನಪಿಸಿಕೊಳ್ಳುತ್ತಾರೆ. ಕೇಳಿದ್ದಕ್ಕಿಂತ ಉತ್ತಮವಾದುದನ್ನು ಕಲಿಸುತ್ತೇನೆಂದು ಹೇಳಿ, ಮಲಗುವ ಮುನ್ನ 33 ಬಾರಿ ಸುಬ್‌ಹಾನಲ್ಲಾಹ್, 33 ಬಾರಿ ಅಲ್‌ಹಮ್ದುಲಿಲ್ಲಾಹ್, 34 ಬಾರಿ ಅಲ್ಲಾಹು ಅಕ್ಬರ್ ಹೇಳಲು ಅವರು ಕಲಿಸಿದರು.

ಈ ಘಟನೆಯನ್ನು ನಾವು ನೂರಾರು ಪ್ರವಚನಗಳಲ್ಲಿ ಕೇಳಿದ್ದೇವೆ. ಹೆಚ್ಚಿನ ಕಡೆ ಇದನ್ನು ಮಹಿಳೆಯರಿಗೆ ಮಾಡುವ ಒಂದು ಉಪದೇಶವಾಗಿ ಬಳಸಲಾಗುತ್ತದೆ: ಮನೆಗೆಲಸದ ಬಗ್ಗೆ ದೂರಬೇಡಿ, ಶುಕ್ರ್ ಮಾಡಿ, ತಸ್ಬೀಹ್ ಹೇಳಿ. ಇತಿಹಾಸವನ್ನು ಗಮನವಿಟ್ಟು ಓದಿದರೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ದಣಿವನ್ನು ಹೇಳಿಕೊಂಡದ್ದಕ್ಕಾಗಿ ಪ್ರವಾದಿವರ್ಯರು(ಸ) ಮಗಳನ್ನು ಗದರಲಿಲ್ಲ, ಅದನ್ನು ಕೃತಘ್ನತೆಯೆಂದು ಕರೆಯಲೂ ಇಲ್ಲ. ಯಾರ ಮೂಲಕವೋ ಉತ್ತರ ಕಳುಹಿಸದೆ, ರಾತ್ರಿಯ ಹೊತ್ತಿನಲ್ಲಿ ತಾವೇ ನಡೆದು ಬಂದರು. ಸಹಾಯಕರನ್ನು ಕೊಡದಿರಲು ಕಾರಣವನ್ನೂ ಮರೆಮಾಚಲಿಲ್ಲ. ಮಸೀದಿಯ ಸುಫ್ಫಾದಲ್ಲಿ ಹಸಿವಿನಿಂದ ಹೊಟ್ಟೆ ಹಿಂಡುತ್ತಿರುವ ನಿರ್ಗತಿಕರನ್ನು ಬಿಟ್ಟು ನಿಮಗೆ ಕೊಡಲಾರೆ ಎಂಬರ್ಥದ ಮಾತು ಅಹ್ಮದ್‌ರ ವರದಿಯಲ್ಲಿದೆ. ಸಮಾಜದ ಮುಖ್ಯಸ್ಥರ ಮಗಳಿಗೆ ಸಿಗದೇಹೋದದ್ದು ಹಸಿದವರ ಪಾಲಾಯಿತು. ಹೆಣ್ಣಿನ ದುಡಿಮೆ ಅಗ್ಗವಾದುದೆಂಬ ಕಾರಣಕ್ಕೆ ಆ ಕೋರಿಕೆ ನಿರಾಕರಿಸಲ್ಪಡಲಿಲ್ಲ. ಇನ್ನು, ಝಿಕ್ರನ್ನು ಕಲಿಸಿದ್ದು ಒಬ್ಬರಿಗಲ್ಲ, ಇಬ್ಬರಿಗೂ.

ಅದೇ ಮದೀನಾದ ಇನ್ನೊಂದು ಮನೆಯನ್ನು ನೋಡೋಣ. ಹ. ಅಬೂಬಕ್ಕರ್(ರ)ರ ಮಗಳು ಅಸ್ಮಾ(ರ) ಝುಬೈರ್(ರ)ರ ಪತ್ನಿಯಾಗಿ ಬಂದಾಗ ಪತಿಗಿದ್ದ ಆಸ್ತಿ ಒಂದು ಕುದುರೆ ಮತ್ತು ನೀರು ಹೊರುವ ಒಂದು ಒಂಟೆ. ಕುದುರೆಗೆ ಮೇವು ಹಾಕುವುದು, ನೀರು ಸೇದುವುದು, ಹರಿದ ಚರ್ಮದ ಕೊಡವನ್ನು ಹೊಲಿಯುವುದು, ಹಿಟ್ಟು ನಾದುವುದು ಎಲ್ಲವೂ ಅಸ್ಮಾ(ರ)ರ ಪಾಲಿನದು. ತನಗೆ ರೊಟ್ಟಿ ಸುಡಲು ಸರಿಯಾಗಿ ಬರುತ್ತಿರಲಿಲ್ಲವೆಂದು ಅವರು ಸಂಕೋಚವಿಲ್ಲದೆ ಹೇಳುತ್ತಾರೆ. ನೆರೆಮನೆಯ ಅನ್ಸಾರಿ ಮಹಿಳೆಯರು ಬಂದು ಸುಟ್ಟುಕೊಡುತ್ತಿದ್ದರು. ಅವರು ಪ್ರಾಮಾಣಿಕ ಹೆಂಗಸರಾಗಿದ್ದರು ಎಂದೂ ಸೇರಿಸುತ್ತಾರೆ. ಸುಮಾರು ಎರಡು ಮೈಲಿ ದೂರದ ಜಮೀನಿನಿಂದ ಖರ್ಜೂರದ ಬೀಜಗಳನ್ನು ತಲೆಯ ಮೇಲೆ ಹೊತ್ತು ತರಬೇಕಿತ್ತು. ಒಂದು ದಿನ ದಾರಿಯಲ್ಲಿ ಪ್ರವಾದಿವರ್ಯರು(ಸ) ಅವರನ್ನು ಕಂಡು, ಹತ್ತಿಸಿಕೊಳ್ಳಲೆಂದು ತಮ್ಮ ಒಂಟೆಯನ್ನು ಮಂಡಿಯೂರಿಸತೊಡಗಿದರು. ಜೊತೆಯಲ್ಲಿ ಗಂಡಸರಿದ್ದುದರಿಂದ ಅಸ್ಮಾ(ರ) ನಾಚಿ ನಡೆದೇ ಬಂದರು. ಮುಂದೆ ಅಬೂಬಕ್ಕರ್(ರ) ಕುದುರೆಯನ್ನು ನೋಡಿಕೊಳ್ಳಲು ಒಬ್ಬ ಸೇವಕರನ್ನು ಕಳುಹಿಸಿಕೊಟ್ಟರು. ತಂದೆ ತನ್ನನ್ನು ಬಂಧನದಿಂದ ಬಿಡಿಸಿದಂತಾಯಿತು ಎಂಬುದು ಅಸ್ಮಾ(ರ)ರ ಮಾತು. ಆ ಮಾತಿನಲ್ಲಿ ಕೃತಜ್ಞತೆಯಿದೆ. ಹಿಂದಿನ ದಿನಗಳು ಎಷ್ಟು ಭಾರವಾಗಿದ್ದವು ಎಂಬ ನೇರವಾದ ಹೇಳಿಕೆಯೂ ಇದೆ. ಒಂದಕ್ಕಾಗಿ ಇನ್ನೊಂದನ್ನು ಅಡಗಿಸಿಡುವ ಅಗತ್ಯ ಆ ಮಹನೀಯರಿಗೆ ಕಾಣಲಿಲ್ಲ. ಅಂತಹ ದಿನಗಳನ್ನು ಕಳೆದ ಆ ತಲೆಮಾರಿನ ಈಮಾನ್‌ನಲ್ಲಿ ಕೊರತೆ ಕಂಡವರು ಯಾರಿದ್ದಾರೆ?

ಪವಿತ್ರ ಕುರ್‌ಆನಿನ ಎರಡು ಕಡೆಗಳನ್ನು ಇಲ್ಲಿ ನೆನೆಯಬೇಕು. ಸಬಅ್ ಅಧ್ಯಾಯದ 13ನೆಯ ಸೂಕ್ತದಲ್ಲಿ ದಾವೂದರ(ಅ) ಮನೆತನಕ್ಕೆ ಬಂದ ಆಜ್ಞೆ ಕೃತಜ್ಞತೆಯನ್ನು ಬಾಯಿಂದ ಹೇಳಿರಿ ಎಂದಲ್ಲ. ಕೃತಜ್ಞತೆಯಾಗಿ ಕೆಲಸ ಮಾಡಿರಿ ಎಂದು. ಆಜ್ಞೆ ಇಡೀ ಮನೆಗೆ, ಒಬ್ಬ ಸದಸ್ಯರಿಗೆ ಮಾತ್ರವಲ್ಲ. ಲುಕ್ಮಾನ್ ಅಧ್ಯಾಯದ 14ನೆಯ ಸೂಕ್ತವು ಬಳಲಿಕೆಯ ಮೇಲೆ ಬಳಲಿಕೆ ಅನುಭವಿಸಿ ಮಗುವನ್ನು ಹೊತ್ತ ತಾಯಿಯನ್ನೂ ಎರಡು ವರ್ಷಗಳ ಮೊಲೆಹಾಲಿನ ಅವಧಿಯನ್ನೂ ನೆನಪಿಸಿ, ಅದರ ಬೆನ್ನಿಗೇ ಅಲ್ಲಾಹನಿಗೂ ಹೆತ್ತವರಿಗೂ ಕೃತಜ್ಞರಾಗಲು ಹೇಳುತ್ತದೆ. ತಾಯಿಯ ದಣಿವನ್ನು ಅಲ್ಲಾಹನು ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರ ಎಂಬ ಆಶಯದ ಪ್ರವಾದಿ ವಚನವನ್ನು ಇದರೊಂದಿಗೆ ಇಟ್ಟು ನೋಡಿದರೆ, ರೊಟ್ಟಿ ತಿಂದವನ ಶುಕ್ರ್ ಎಲ್ಲಿಂದ ಆರಂಭವಾಗಬೇಕೆಂದು ತಿಳಿಯುತ್ತದೆ. ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಅಸ್ವದ್(ರಹ) ಕೇಳಿದಾಗ ಆಯಿಶಾ(ರ) ಕೊಟ್ಟ ಉತ್ತರವೂ ಇದೇ ದಿಕ್ಕಿನದು: ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝಿನ ಸಮಯವಾದಾಗ ಹೊರಡುತ್ತಿದ್ದರು.

ಬೀಸುವ ಕಲ್ಲು ಮತ್ತು ದೇವಸ್ಮರಣೆಯ ಈ ನಂಟು ಮದೀನಾದಲ್ಲಿಯೇ ಉಳಿಯಲಿಲ್ಲ. ಸುಮಾರು ಒಂದು ಸಾವಿರ ವರ್ಷಗಳ ಬಳಿಕ ಅದು ನಮ್ಮ ನಾಡಿನಲ್ಲಿ, ಆದಿಲ್‌ಶಾಹಿಗಳ ಬಿಜಾಪುರದಲ್ಲಿ, ಇನ್ನೊಂದು ರೂಪದಲ್ಲಿ ಕಾಣಿಸಿಕೊಂಡಿತು. ಬಿಜಾಪುರವೆಂದರೆ ನಾವು ಗೋಲ ಗುಮ್ಮಟ ಮತ್ತು ಮಲಿಕ್-ಎ-ಮೈದಾನ್ ತೋಪನ್ನು ನೋಡಿ ಬರುತ್ತೇವೆ. ಊರ ಹೊರಗೆ ಶಾಹಪುರದ ದಿಬ್ಬದಲ್ಲಿ ಮೀರಾಂಜಿ ಶಮ್ಸುಲ್ ಉಶ್ಶಾಖ್, ಅವರ ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್ ಆಲಾ ಎಂಬ ಚಿಶ್ತಿ ಪರಂಪರೆಯ ಸೂಫಿಗಳು ನೆಲೆಸಿದ್ದರು. ಅರಬ್ಬಿ, ಫಾರ್ಸಿ ತಿಳಿಯದ ಜನರಿಗಾಗಿ ಅವರು ದಖ್ಖನಿಯಲ್ಲಿ ಬರೆದರು. ಈ ಪರಂಪರೆಯ ಸುತ್ತಮುತ್ತ 17ನೆಯ ಶತಮಾನದಲ್ಲಿ ಚಕ್ಕಿನಾಮಾ ಎಂಬ ಹಾಡುಗಳು ಹುಟ್ಟಿದವು. ಹೆಂಗಸರು ಬೀಸುವಾಗ ಹಾಡುವ ಹಾಡುಗಳವು. ನೂಲುವಾಗ ಹಾಡಲು ಚರ್ಖಾನಾಮಾ, ಮಗುವನ್ನು ತೂಗುವಾಗ ಲೋರಿನಾಮಾ. ಇತಿಹಾಸಕಾರ ರಿಚರ್ಡ್ ಈಟನ್ ಬಿಜಾಪುರದ ಸೂಫಿಗಳ ಕುರಿತು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವುಗಳನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ದಖ್ಖನಿನ ಹಳ್ಳಿಗಳಿಗೆ ಇಸ್ಲಾಮಿನ ಮೊದಲ ಪಾಠಗಳು ತಲುಪಿದ ದಾರಿಗಳಲ್ಲಿ ಅಡುಗೆಮನೆಯೂ ಒಂದೆಂಬುದು ಅವರ ಅಭಿಪ್ರಾಯ.

ಈ ಹಾಡುಗಳಲ್ಲಿ ಒಂದರಲ್ಲಿ ಕಲ್ಲಿನ ಹಿಡಿಗೂಟ ನೆಟ್ಟಗೆ ನಿಂತ ಅಲಿಫ್ ಅಕ್ಷರವಾಗುತ್ತದೆ, ಅಂದರೆ ಅಲ್ಲಾಹನ ಹೆಸರಿನ ಮೊದಲಕ್ಷರ. ನಡುವಿನ ಕೀಲು ಪ್ರವಾದಿವರ್ಯರನ್ನು(ಸ) ನೆನಪಿಸುತ್ತದೆ. ನೂಲುವ ಹಾಡಿನಲ್ಲಿ ಚರಕದ ಓಡಾಟಕ್ಕೂ ಉಸಿರಿನೊಂದಿಗೆ ಸಾಗುವ ಝಿಕ್ರ್‌ಗೂ ಹೋಲಿಕೆ. ಅಕ್ಷರ ಕಲಿಯದ ತಾಯಿಯೊಬ್ಬಳು ಜೋಳ ಬೀಸುತ್ತಲೇ ತೌಹೀದ್‌ನ ಮೊದಲಕ್ಷರವನ್ನು ಕೈಯಲ್ಲಿ ಹಿಡಿದಿದ್ದಳು ಎಂಬುದು ಸಣ್ಣ ವಿಷಯವಲ್ಲ. ಮಡಿಲಲ್ಲಿದ್ದ ಮಗು ಕಲಿಮಾವನ್ನು ಕೇಳಿದ್ದೂ ಆ ಗರಗರ ಸದ್ದಿನೊಡನೆಯೇ. ಪೀರ್‌ಗಳ ವಿಷಯದಲ್ಲಿ ಈ ಹಾಡುಗಳು ತೋರುವ ಅತಿಯಾದ ಭಕ್ತಿಯನ್ನು ನಾವು ಒಪ್ಪಬೇಕಾಗಿಲ್ಲ. ಅದನ್ನು ಕುರ್‌ಆನ್ ಮತ್ತು ಸುನ್ನತ್‌ನ ಅಳತೆಗೋಲಿನಿಂದಲೇ ಅಳೆಯಬೇಕು. ಆದರೂ ನಮ್ಮ ಅಜ್ಜಿಯರ ಅಜ್ಜಿಯರಿಗೆ ದೀನ್ ತಲುಪಿಸಿದ ಒಂದು ದಾರಿಯನ್ನು ತಿಳಿಯದೆಯೇ ತಳ್ಳಿಹಾಕುವುದು ನ್ಯಾಯವಲ್ಲ.

ಬಿಜಾಪುರದ ಸೀಮೆಯಲ್ಲಿ ನೆರೆಮನೆಯ ಹಿಂದೂ ಹೆಂಗಸರೂ ಅದೇ ನಸುಕಿನಲ್ಲಿ ಅದೇ ಜೋಳವನ್ನು ಕನ್ನಡದ ಹಾಡು ಹೇಳುತ್ತ ಬೀಸುತ್ತಿದ್ದರು. ಅದೇ ಜಿಲ್ಲೆಯ ಹಲಸಂಗಿಯ ಗೆಳೆಯರು ಸಂಗ್ರಹಿಸಿದ ತ್ರಿಪದಿಗಳು 1931ರಲ್ಲಿ 'ಗರತಿಯ ಹಾಡು' ಎಂಬ ಹೆಸರಿನಲ್ಲಿ ಪ್ರಕಟವಾದವು. ಅವುಗಳಲ್ಲಿ ತವರಿನ ನೆನಪಿದೆ, ಕಂದನ ಮೇಲಿನ ಮೋಹವಿದೆ, ಬಾಳಿನ ನೋವೂ ಇದೆ. ಹಾಡುವವರೇ ಕಟ್ಟಿದ ಪದಗಳವು. ಚಕ್ಕಿನಾಮಾಗಳು ಹೆಚ್ಚಾಗಿ ಹೆಂಗಸರಿಗಾಗಿ ಗಂಡಸರು ಬರೆದವು. ಅವು ಹಿಡಿಗೂಟವನ್ನು ಅಲಿಫ್ ಎಂದು ಕಂಡವು. ಗೂಟ ಹಿಡಿದ ಅಂಗೈಯನ್ನು ಕಂಡದ್ದು ಹದೀಸ್. ಮದೀನಾದಲ್ಲಿ ಮೊದಲು ಬಂದದ್ದು ಬೊಬ್ಬೆಯೆದ್ದ ಕೈಯ ಮಾತು, ಝಿಕ್ರ್ ಬಂದದ್ದು ಆಮೇಲೆ. ಈ ಕ್ರಮವನ್ನು ನಾವು ತಿರುವುಮುರುವು ಮಾಡಬಾರದು ಎಂಬುದು ನಮ್ಮ ಭಾವನೆ.

ಇಂದು ಬೀಸುವ ಕಲ್ಲು ಅಟ್ಟ ಸೇರಿದೆ. ಹಿಟ್ಟು ಗಿರಣಿಯಿಂದ ಬರುತ್ತದೆ, ನೀರು ನಲ್ಲಿಯಿಂದ. ಆದರೂ ಫಜ್ರ್‌ನಿಂದ ಇಶಾದವರೆಗೆ ಮನೆಯಲ್ಲಿ ಬಿಡುವಿಲ್ಲ: ಮಕ್ಕಳ ಬುತ್ತಿ, ಶಾಲೆಯ ವ್ಯಾನು, ಮದ್ರಸಾದ ಪಾಠ, ಹಾಸಿಗೆ ಹಿಡಿದ ಅತ್ತೆಯ ಔಷಧಿ, ಹೊರಗೆ ದುಡಿದು ಬರುವವರ ಬೇಸರ. ಕೈಗೆ ಕೆಲಸವಿರುವಾಗ ಜಪಮಾಲೆ ಹಿಡಿಯಲಾಗದು. ಪ್ರವಾದಿವರ್ಯರು(ಸ) ಮಹಿಳೆಯರಿಗೆ ಬೆರಳ ಗೆಣ್ಣುಗಳಲ್ಲಿ ಎಣಿಸಲು ಹೇಳಿದ್ದರು. ಪರಲೋಕದಲ್ಲಿ ಆ ಬೆರಳುಗಳನ್ನು ಪ್ರಶ್ನಿಸಲಾಗುವುದು, ಅವು ಮಾತನಾಡುವುವು ಎಂಬುದು ಅದಕ್ಕೆ ಅವರು ಕೊಟ್ಟ ಕಾರಣ. ಹಿಟ್ಟು ನಾದಿದ, ಮಗುವಿನ ಮುಖ ಒರೆಸಿದ ಬೆರಳುಗಳು ಅಂದು ಏನೇನು ಹೇಳಲಿವೆಯೋ!

ಹ. ಫಾತಿಮಾ(ರ) ಹಿಜರಿ 11ರಲ್ಲಿ, ತಂದೆ ತೀರಿಕೊಂಡ ಕೆಲವೇ ತಿಂಗಳಲ್ಲಿ ಕಣ್ಣುಮುಚ್ಚಿದರು. ಆ ರಾತ್ರಿ ಕಲಿತ ಝಿಕ್ರನ್ನು ಮುಂದುವರಿಸಿದವರು, ಅದರ ಕಥೆಯನ್ನು ನಮ್ಮವರೆಗೆ ತಲುಪಿಸಿದವರು ಹ. ಅಲಿ(ರ). ಕಲಿತಂದಿನಿಂದ ಅದನ್ನು ಬಿಟ್ಟಿಲ್ಲವೆಂದು ಅವರು ಹೇಳಿದಾಗ, ಸಿಫ್ಫೀನ್‌ನ ರಾತ್ರಿಯೂ ಬಿಡಲಿಲ್ಲವೇ ಎಂದು ಕೇಳಲಾಯಿತು. ಹಿಜರಿ 37ರಲ್ಲಿ ಮುಸ್ಲಿಮರು ಪರಸ್ಪರ ಕತ್ತಿ ಹಿರಿದು ನಿಂತ ಯುದ್ಧವದು. ಆ ರಾತ್ರಿಯೂ ಬಿಡಲಿಲ್ಲ ಎಂದರು ಅಲಿ(ರ). ಅಬೂದಾವೂದ್‌ನ ವರದಿಯಲ್ಲಿ ಇನ್ನೂ ಒಂದು ವಿವರವಿದೆ: ಅಂದು ರಾತ್ರಿ ಕಳೆಯುತ್ತ ಬಂದಾಗ ಅವರಿಗೆ ಅದು ನೆನಪಾಯಿತು, ಆಗ ಹೇಳಿಕೊಂಡರು.